ಮೂರನೇ ಸಿಲಿಂಡರಿನ ಬೋಲ್ಟು

ಜನವರಿ 11

ಅಪ್ಪನಿಗೆ,

ನಮಸ್ಕಾರ. ನೀವು ಚೆನ್ನಾಗಿದ್ದೀರಿ ಅಂತ ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಾಳೆ, ನಾನು ಚೆನ್ನಾಗಿದ್ದೇನೆ ಅಂತ ನಿಮಗೂ ಹೇಳಿರುತ್ತಾಳೆ. ಹಾಗಾಗಿ ಆ ಸಾಲುಗಳನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಆರು ವರ್ಷದಿಂದ ನನ್ನ ಫೋನು ಎತ್ತದ ಮನುಷ್ಯನಿಗೆ ಕಾಗದ ಬರೆಯುವುದೇ ವಾಸಿ. ಕಾಗದವನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ.

ನಾನು ಒಂದು ಸ್ಪೋರ್ಟ್ಸ್ ಕಾರು ಕಟ್ಟಿದ್ದೇನೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಗುಜರಿಯಲ್ಲಿ ಎಂಜಿನ್ನಿಲ್ಲದೆ ಬಿದ್ದಿತ್ತು. ತರಲು ಹೋದಾಗ ಡ್ರೈವರ್ ಕೂರುವ ಜಾಗದಲ್ಲಿ ಕೋಳಿಯೊಂದು ಕಾವು ಕೂತಿತ್ತು. ಮರಿ ಆಗುವವರೆಗೂ ಕೊಡುವುದಿಲ್ಲ ಅಂದ ಗುಜರಿಯವನು, ನಾನೂ ಮೂರು ವಾರ ಕಾದೆ. ಆಮೇಲೆ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದಿನದ ಕೆಲಸ ಮುಗಿಸಿ ಬಂದು, ರಜೆಗಳನ್ನೆಲ್ಲ ಅದಕ್ಕೇ ಸುರಿದು ಮೂರೂವರೆ ವರ್ಷ ಕೂತೆ. ನಾಲ್ಕು ಸಿಲಿಂಡರಿನ ಬೇರೆ ಗಾಡಿಯ ಎಂಜಿನ್ ತಂದು ಕೂರಿಸಿದ್ದೇನೆ. ಸಿಲಿಂಡರುಗಳ ಒಳಮೈ ಕೊರೆಸಿ ಬೋರು ಮಾಡಿಸಿದ್ದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಕೈಯದೇ.

ಈ ಮೇ ತಿಂಗಳ ಗುಡ್ಡದ ಕಾರು ಓಟಕ್ಕೆ ಹೆಸರು ಕಳಿಸಿದ್ದೆ. ಆ ರಸ್ತೆಯಲ್ಲಿ ಇದೇ ಕೊನೆಯ ಓಟ ಅಂತ ನಿಮಗೆ ಗೊತ್ತಿದೆ. ಗುಡ್ಡದಲ್ಲಿ ಹೊಸ ಸುರಂಗ ತೆರೆದ ಮೇಲೆ ಹಳೆಯ ರಸ್ತೆಗೆ ಗೋಡೆ ಕಟ್ಟುತ್ತಾರಂತೆ. ಓಟ ನಡೆಸುವ ನಿಮ್ಮ ಕ್ಲಬ್ಬಿನವರು ನನ್ನ ಅರ್ಜಿ ವಾಪಸ್ ಕಳಿಸಿದ್ದಾರೆ. ನನ್ನ ಹೆಸರಿನ ಎದುರು ಒಂದು ಷರಾ ಇದೆ: ಈಕೆ ಜೋಡಿಸಿದ ಎಂಜಿನ್ ಓಡಬೇಕಾದರೆ ಹಿರಿಯ ಪರೀಕ್ಷಕರ ಸಹಿ ಬೇಕು. ಹಿರಿಯ ಪರೀಕ್ಷಕರು ನೀವು. ಏಪ್ರಿಲ್ ಹದಿನೈದು ಕೊನೆಯ ದಿನ.

ಅರ್ಜಿ ಇದರ ಜೊತೆಗಿದೆ. ಬಂದು ಎಂಜಿನ್ ನೋಡಿ, ಬೇಕಾದರೆ ಬಿಚ್ಚಿಯೂ ನೋಡಿ. ನಾನು ಕ್ಷಮೆ ಕೇಳುತ್ತಿಲ್ಲ, ಸಹಿ ಕೇಳುತ್ತಿದ್ದೇನೆ. ಎರಡೂ ಬೇರೆ ಬೇರೆ.

ಇಂತಿ,
ನಿಮ್ಮ ಮಗಳು


ಜನವರಿ 24

ಮಗಳಿಗೆ,

ಕಾಗದ ತಲುಪಿತು. ಹುಟ್ಟಿದಾಗಿನಿಂದ ‘ನೀನು, ತಾನು’ ಅಂತಿದ್ದವಳು ‘ನೀವು’ ಅಂತ ಬರೆದಿದ್ದೀಯ. ಇಷ್ಟು ಮರ್ಯಾದೆ ನನಗೆ ನಮ್ಮ ಮಾವನ ಮನೆಯಲ್ಲೂ ಸಿಕ್ಕಿರಲಿಲ್ಲ.

ಸಹಿಯ ವಿಷಯ. ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಆರು ವರ್ಷದ ಹಿಂದೆ ಇದೇ ಗುಡ್ಡದ ಏಳನೇ ತಿರುವಿನಲ್ಲಿ, ನಾನೂ ನೀನೂ ಸೇರಿ ಕಟ್ಟಿದ ಎಂಜಿನ್ನಿನ ಮೂರನೇ ಸಿಲಿಂಡರಿನ ಪಿಸ್ಟನ್ ಹಿಡಿಯುವ ರಾಡು ಕಳಚಿ ಬ್ಲಾಕು ಒಡೆದು ಹೊರಗೆ ಬಂತು. ಎಣ್ಣೆ ಹಿಂದಿನ ಚಕ್ರಕ್ಕೆ ಸುರಿಯಿತು. ಗಾಡಿ ಎರಡು ಸುತ್ತು ತಿರುಗಿ ಗೋಡೆಗೆ ಹೋಯಿತು. ಗಾಡಿಯಲ್ಲಿದ್ದವನು ನನ್ನ ತಮ್ಮ, ನಿನ್ನ ಚಿಕ್ಕಪ್ಪ. ಎಡಗಾಲು ಎರಡು ಕಡೆ ಮುರಿಯಿತು, ಇವತ್ತಿಗೂ ಒಂದು ಇಂಚು ಗಿಡ್ಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಗಾಡಿಗೆ ಸರಿ. ಮನುಷ್ಯನ ಕಾಲಿಗೆ ಆ ಮಾತು ಹೇಳಲು ಬಾಯಿ ಬರುವುದಿಲ್ಲ.

ಎಂಜಿನ್ ಬಿಚ್ಚಿದಾಗ ರಾಡಿನ ಒಂದು ಬೋಲ್ಟು ತಳದ ಆಯಿಲ್ ಪ್ಯಾನಿನಲ್ಲಿ ಬಿದ್ದಿತ್ತು. ಅದರ ತಲೆಯ ಮೇಲೆ ಕೆಂಪು ಗೆರೆ. ನಾನೂ ಸೇರಿ ಮೂವರು ಪರೀಕ್ಷಕರು ನೋಡಿ ಕೆಂಪು ಅಂತ ಬರೆದೆವು. ನಮ್ಮ ಶೆಡ್ಡಿನ ಕಾನೂನು ನಿನಗೆ ಗೊತ್ತು. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ, ಬಿಗಿ ಸಾಕಾಗಿ ಅದು ‘ಟಕ್’ ಅನ್ನುವವರೆಗೆ ಬಿಗಿಯಬೇಕು, ಆಮೇಲೆ ಬಿಗಿದವರೇ ತಮ್ಮ ಬಣ್ಣದ ಗೆರೆ ಎಳೆಯಬೇಕು. ಗೆರೆ ಎಳೆದವರದ್ದೇ ಜವಾಬ್ದಾರಿ. ಇನ್ನೊಬ್ಬರ ಗೆರೆಗೆ ಯಾರೂ ಕೈ ಹಾಕಬಾರದು. ನನ್ನದು ಹಸಿರು. ಹನ್ನೆರಡು ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಕೆಂಪು ನೇಲ್ ಪಾಲಿಶ್ ಕದ್ದು ತಂದು ‘ಇದು ನನ್ನ ಬಣ್ಣ’ ಅಂದವಳು ನೀನು.

ತಪ್ಪು ಯಾರಿಗೂ ಆಗುತ್ತದೆ. ನನಗೆ ಸಿಟ್ಟು ಇರುವುದು ತಪ್ಪಿನ ಮೇಲಲ್ಲ, ಒಪ್ಪದೆ ಮನೆ ಬಿಟ್ಟು ಹೋದದ್ದರ ಮೇಲೆ. ‘ಬಿಗಿಯಲು ಮರೆತೆ, ತಪ್ಪಾಯಿತು’ ಅಂತ ಎರಡು ಸಾಲು ಬರೆ. ಮಾರನೇ ದಿನವೇ ಸಹಿ ಮಾಡುತ್ತೇನೆ. ಬರೆಯದಿದ್ದರೆ ಅರ್ಜಿ ನನ್ನ ಮೇಜಿನ ಖಾನೆಯಲ್ಲಿ ಇರುತ್ತದೆ.

ನಿನ್ನ ಅಪ್ಪ


ಫೆಬ್ರವರಿ 6

ಅಪ್ಪನಿಗೆ,

ಬರೆಯುವುದಿಲ್ಲ.

ಇಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ. ಆದರೆ ಅಂಚೆಗೆ ಕೊಟ್ಟ ದುಡ್ಡು ದಂಡವಾಗಬಾರದು ಅಂತ ಇನ್ನಷ್ಟು ಬರೆಯುತ್ತೇನೆ.

ಎಂಜಿನ್ ತಲೆಕೆಳಗಾಗಿ ಸ್ಟ್ಯಾಂಡಿನ ಮೇಲಿತ್ತು. ನಾನು ಈ ಕಡೆ, ನೀವು ಆ ಕಡೆ. ಒಂದು ಮತ್ತು ಎರಡನೇ ಸಿಲಿಂಡರಿನ ರಾಡು ನನ್ನದು, ಮೂರು ಮತ್ತು ನಾಲ್ಕು ನಿಮ್ಮದು. ನನ್ನ ಪಾಲಿಗೆ ನಾಲ್ಕು ಬೋಲ್ಟು. ನಾಲ್ಕು ಸಲ ‘ಟಕ್’ ಅಂದದ್ದು ಈಗಲೂ ನನ್ನ ಅಂಗೈಗೆ ನೆನಪಿದೆ. ಮೂರನೆಯದನ್ನು ನಾನು ಮುಟ್ಟಿಲ್ಲ. ಒಳಗೆ ಫೋನು ಬಂತು ಅಂತ ಅಮ್ಮ ಕೂಗಿದಳು, ನೀವು ಎದ್ದು ಹೋದಿರಿ. ನಿಮ್ಮ ಬೋಲ್ಟು ನಾನು ಮುಗಿಸಿರಬೇಕು ಅಂತ ಆಮೇಲೆ ನೀವು ಕ್ಲಬ್ಬಿನ ವಿಚಾರಣಾ ಕಮಿಟಿಯ ಮುಂದೆ ಹೇಳಿದಿರಿ. ನಾನು ಮುಗಿಸಲಿಲ್ಲ. ಕೆಂಪು ಗೆರೆ ಹೇಗೆ ಬಂತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದ ಮಾತ್ರಕ್ಕೆ ನಾನು ಎಳೆದೆ ಅಂತಾಗುವುದಿಲ್ಲ.

ಆ ಬೋಲ್ಟು ಕ್ಲಬ್ಬಿನ ಗಾಜಿನ ಬೀರುವಿನಲ್ಲಿದೆ. ಕೆಳಗೆ ಒಂದು ಚೀಟಿ: ‘ಬಿಗಿಯದ ಬೋಲ್ಟು. ಜೋಡಿಸಿದ್ದು: ಹಿರಿಯ ಪರೀಕ್ಷಕರ ಮಗಳು.’ ಹೊಸದಾಗಿ ಸೇರಿದವರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಾರಂತೆ. ನನ್ನ ಹೆಸರು ಹಾಕಲಿಲ್ಲ, ನಿಮ್ಮ ಮಗಳು ಅಂತ ಹಾಕಿದಿರಿ. ಆ ಚೀಟಿಯ ಅಕ್ಷರ ನಿಮ್ಮದು. ಎಲ್ಲಕ್ಕಿಂತ ನೋವಾದದ್ದು ಅದೇ.

ಎರಡು ಸಾಲು ಸುಳ್ಳು ಬರೆದು ಆ ಗುಡ್ಡ ಹತ್ತಬಹುದು, ಗೊತ್ತು. ಬಾಗಿಲಿಗೆ ಗೋಡೆಯ ಏಟು ಬಿದ್ದಾಗ ನಮ್ಮ ಹಸಿರು ಗಾಡಿಗೆ ಕಂದು ಬಣ್ಣದ ಬಾಗಿಲು ಬಳಿದು, ಕ್ಲಬ್ಬಿಗೆ ಕ್ಲಬ್ಬೇ ನಕ್ಕರೂ ‘ಇದು ಅದೇ ಹಸಿರು’ ಅಂತ ಹತ್ತು ವರ್ಷ ಓಡಿಸಿದ ಅಪ್ಪನ ಮಗಳು ನಾನು. ನೀವು ಹಿಡಿದ ಮೊಲಕ್ಕೆ ಮೂರೇ ಕಾಲಾದರೆ ನಾನು ಹಿಡಿದದ್ದಕ್ಕೂ ಅಷ್ಟೇ.

ಅರ್ಜಿ ಖಾನೆಯಲ್ಲೇ ಇರಲಿ. ನಾನು ಗಾಡಿ ಕಟ್ಟುವುದನ್ನು ನಿಲ್ಲಿಸುವುದಿಲ್ಲ.

ಇಂತಿ,
ಮಗಳು


ಮಾರ್ಚ್ 3

ನನ್ನ ಮಗಳಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ಅದಕ್ಕೆ ಅವರು ಶೆಡ್ಡಿಗೆ ಹೋದಾಗ ಇದನ್ನು ಬರೆಯುತ್ತಿದ್ದೇನೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಯಾರು ಹೇಳಿದರೋ. ನೀನು ಪೂರಾ ನಿಮ್ಮಪ್ಪ. ಎರಡು ಸಾಲು ಬರೆದುಬಿಡೇ. ಸುಳ್ಳಾದರೂ ಪರವಾಗಿಲ್ಲ, ಸಹಿ ಆಗುತ್ತೆ, ಮನೆಗೂ ಬರ್ತೀಯ. ನಿನ್ನ ಚಿಕ್ಕಪ್ಪನೂ ಅದನ್ನೇ ಹೇಳಿದ. ‘ಕಾಲು ನಂದು, ನನಗೇ ಸಿಟ್ಟಿಲ್ಲ, ಇವರಿಬ್ಬರದ್ದೇನು’ ಅಂದ.

ಇನ್ನೊಂದು ವಿಷಯ. ಕ್ಲಬ್ಬಿನಲ್ಲಿ ಈ ವರ್ಷದಿಂದ ಹೊಸ ನಿಯಮವಂತೆ, ಅರವತ್ತು ದಾಟಿದ ಪರೀಕ್ಷಕರು ಕಣ್ಣು ತೋರಿಸಿ ಚೀಟಿ ತರಬೇಕು. ಹೋದ ಮಂಗಳವಾರ ಹೋದೆವು. ಅಕ್ಷರಗಳನ್ನೆಲ್ಲ ಕೆಳಗಿನ ಸಾಲಿನವರೆಗೆ ಪಟಪಟ ಓದಿದರು. ಆಮೇಲೆ ಡಾಕ್ಟರಮ್ಮ ಒಂದು ಪುಸ್ತಕ ತೆಗೆದಳು. ಪುಟದ ತುಂಬ ಬಣ್ಣಬಣ್ಣದ ಚುಕ್ಕಿ, ಚುಕ್ಕಿಗಳ ಮಧ್ಯೆ ಒಂದೊಂದು ಅಂಕಿ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನನಗೇ ಏಳು, ನಲವತ್ತೈದು ಅಂತ ಕಾಣುತ್ತಿತ್ತು. ನಿಮ್ಮಪ್ಪ, ‘ಇದರಲ್ಲೇನಿದೆ, ಚುಕ್ಕಿ ಇದೆ’ ಅಂದರು. ಹನ್ನೊಂದು ಪುಟಕ್ಕೂ ಅದೇ ಉತ್ತರ. ಕೊನೆಗೆ, ‘ನಿಮ್ಮ ಪುಸ್ತಕ ಹಳೇದಾಗಿದೆ, ಬಣ್ಣ ಹೋಗಿದೆ, ಹೊಸದು ತರಿಸಿ’ ಅಂತ ಅವಳಿಗೇ ಬುದ್ಧಿ ಹೇಳಿ ಎದ್ದು ಬಂದರು.

ಮನೆಯ ಗೇಟಿನ ಹತ್ತಿರ ನಿಂತು, ‘ಗಾಡಿಯ ಆ ಬಾಗಿಲು ನಿಜವಾಗಲೂ ಯಾವ ಬಣ್ಣವೇ?’ ಅಂತ ಕೇಳಿದರು. ಕಂದು ಅಂದೆ. ಇಷ್ಟು ವರ್ಷ ಎಲ್ಲರೂ ಹೇಳಿದ್ದನ್ನೇ ನಾನೂ ಹೇಳಿದೆ. ಈ ಸಲ ಜಗಳ ಆಡಲಿಲ್ಲ.

ಅವತ್ತಿನಿಂದ ಶೆಡ್ಡಿನಲ್ಲೇ ಇರುತ್ತಾರೆ. ನಿಮ್ಮ ಆ ಎರಡು ನೇಲ್ ಪಾಲಿಶ್ ಬಾಟ್ಲಿಗಳನ್ನು ಕಿಟಕಿಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಿನ್ನೆ ನನ್ನನ್ನು ಕರೆದು, ‘ಕೊನೆಯ ಎಂಜಿನ್ ಕಟ್ಟಿದ ದಿನ ನೀನು ಟೀ ತಂದಾಗ ಈ ಬಾಟ್ಲಿ ಎತ್ತಿಟ್ಟೆಯಾ?’ ಅಂದರು. ಆರು ವರ್ಷದ ಹಿಂದಿನ ಟೀ ಯಾರಿಗೆ ನೆನಪಿರುತ್ತೆ? ತಟ್ಟೆ ಇಡಲು ಜಾಗ ಬೇಕಲ್ಲ, ಎತ್ತಿಟ್ಟಿರಬೇಕು ಅಂದೆ. ಮುಖ ಸಪ್ಪೆ ಮಾಡಿಕೊಂಡು ಕೂತುಬಿಟ್ಟರು. ನಾನೇನಾದರೂ ತಪ್ಪು ಹೇಳಿದೆನಾ?

ಊಟ ಸರಿಯಾಗಿ ಮಾಡು. ಎರಡು ಸಾಲು ಬರೆ.

ಅಮ್ಮ


ಮಾರ್ಚ್ 12

ಮಗಳಿಗೆ,

ಒಂದೇ ಪ್ರಶ್ನೆ. ಯಾಕೆ ಅಂತ ಈಗ ಕೇಳಬೇಡ.

ನಾನು ಫೋನಿಗೆ ಎದ್ದು ಹೋದಾಗ, ನಿನ್ನ ಕೆಂಪು ಬಾಟ್ಲಿ ಎಲ್ಲಿತ್ತು? ನನ್ನ ಹಸಿರು ಎಲ್ಲಿತ್ತು?

ನೆನಪಿದ್ದಷ್ಟೇ ಬರೆ. ನನಗೆ ಬೇಕಾದ್ದನ್ನು ಬರೆಯಬೇಡ. ನಿನಗೆ ಬೇಕಾದ್ದನ್ನೂ ಬರೆಯಬೇಡ. ನೆನಪಿಲ್ಲದಿದ್ದರೆ ನೆನಪಿಲ್ಲ ಅಂತ ಬರೆ, ಅದಕ್ಕೂ ಬೆಲೆ ಇದೆ.

ಅಪ್ಪ


ಮಾರ್ಚ್ 19

ಅಪ್ಪ,

ನೆನಪಿದೆ.

ಕೆಂಪು ನಿನ್ನ ಕಡೆ ಇತ್ತು. ಹಸಿರು ನನ್ನ ಕಡೆ ಇತ್ತು. ಅಮ್ಮ ಟೀ ತಟ್ಟೆ ಇಡಲು ಎರಡನ್ನೂ ಎತ್ತಿ, ಇಡುವಾಗ ಅದಲು ಬದಲು ಮಾಡಿದ್ದಳು. ನೀನು ಒಳಗೆ ಹೋದ ಮೇಲೆ ನಾನು ಟೀ ಕುಡಿಯುತ್ತಾ ಅದನ್ನು ನೋಡಿ, ಅವರವರ ಬಾಟ್ಲಿ ಅವರವರ ಕಡೆ ಇಟ್ಟೆ. ಅಷ್ಟೇ. ಕಮಿಟಿಯ ಮುಂದೆ ಇದನ್ನು ಹೇಳಲಿಲ್ಲ, ಯಾಕೆಂದರೆ ಹೇಳುವಂಥ ವಿಷಯ ಅಂತ ಅನ್ನಿಸಲೇ ಇಲ್ಲ. ಬಾಟ್ಲಿ ಎಲ್ಲಿದ್ದರೇನು, ಕೆಂಪು ಯಾವುದು ಹಸಿರು ಯಾವುದು ಅಂತ ಕಣ್ಣಿಗೆ ಕಾಣುತ್ತದಲ್ಲ ಅಂದುಕೊಂಡಿದ್ದೆ.

ನಿನ್ನ ಕಣ್ಣಿಗೆ ಕಾಣುವುದಿಲ್ಲ.

ಅಮ್ಮನ ಕಾಗದವನ್ನೂ ನಿನ್ನ ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದೆ. ಒಂಬತ್ತು ವರ್ಷದವಳಿದ್ದಾಗಿನಿಂದ ಗಾಡಿಯ ವೈರಿಂಗ್ ಎಲ್ಲ ನನ್ನ ಕೈಲಿ ಮಾಡಿಸಿದೆ. ‘ಇದು ಸಣ್ಣ ಕೈಯ ಕೆಲಸ, ನನ್ನ ಬೆರಳು ದಪ್ಪ’ ಅನ್ನುತ್ತಿದ್ದೆ. ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತಾ? ನನ್ನ ಕೈ ದೊಡ್ಡದಾದ ಮೇಲೂ ನೀನು ವೈರು ಮುಟ್ಟಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ. ಕಂದು ಬಾಗಿಲು ನೋಡಿಯೂ ಹೊಳೆಯಲಿಲ್ಲ. ನಾವೆಲ್ಲ ಸೇರಿ ಅದನ್ನು ನಿನ್ನ ಹಟ ಅಂತ ಕರೆದೆವು.

ಫೋನಿನ ಅವಸರದಲ್ಲಿ ನೀನು ಕೈಗೆ ಸಿಕ್ಕ ಬಾಟ್ಲಿ ತೆಗೆದುಕೊಂಡೆ, ಬಿಗಿಯುವ ಮೊದಲೇ ಗೆರೆ ಎಳೆದೆ, ಎದ್ದು ಹೋದೆ. ನಾನು ನಿನ್ನ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ, ಇನ್ನೊಬ್ಬರ ಗೆರೆಗೆ ಕೈ ಹಾಕಬಾರದಲ್ಲ. ನೀನು ಬಂದವನೇ ಗೆರೆ ನೋಡಿ, ಬಿಗಿದಾಗಿದೆ ಅಂದುಕೊಂಡು ಆಯಿಲ್ ಪ್ಯಾನ್ ಮುಚ್ಚಿದೆ. ಇಷ್ಟೇ ನಡೆದದ್ದು. ಇದಕ್ಕೆ ಆರು ವರ್ಷ.

ಈ ಹಾಳೆಯನ್ನು ಎರಡು ಸಲ ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ. ಅಳುವಿನಿಂದಲ್ಲ, ಸಿಟ್ಟಿನಿಂದ. ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಬಣ್ಣ ಕಾಣದಿರುವುದು ತಪ್ಪಲ್ಲ, ಅದನ್ನು ಹಿಡಿದು ನಾನು ಯಾವತ್ತೂ ನಿನ್ನನ್ನು ಆಡಿಕೊಳ್ಳುವುದಿಲ್ಲ. ಆದರೆ ಬಿಗಿಯದೆ ಗೆರೆ ಎಳೆದೆಯಲ್ಲ, ಅದು ತಪ್ಪು. ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ‘ಟಕ್’ ಅಂದಿತೋ ಇಲ್ಲವೋ ಅಂತ ಕಿವಿಗೆ ಗೊತ್ತಿರಬೇಕಿತ್ತು.

ಇನ್ನು ಮುಂದೆ ನಾನು ಏನನ್ನೂ ಕೇಳುವುದಿಲ್ಲ. ಸಹಿಯನ್ನೂ ಕೇಳುವುದಿಲ್ಲ. ನೀನೇ ಏನು ಮಾಡುತ್ತೀಯ ನೋಡುತ್ತೇನೆ.

ನಿನ್ನ ಮಗಳು


ಏಪ್ರಿಲ್ 2

ಮಗಳೇ,

ಎರಡು ವಾರ ತಡವಾಯಿತು. ಮೂರು ಕೆಲಸ ಮುಗಿಸಿಯೇ ಬರೆಯಬೇಕು ಅಂತ ಕೂತಿದ್ದೆ.

ಮೊದಲನೆಯದು, ನನ್ನ ತಮ್ಮನ ಮನೆಗೆ ಹೋದೆ. ಅವನು ವೆರಾಂಡಾದಲ್ಲಿ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದ. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ‘ಅಣ್ಣಾ, ಕಾಲು ಮುರಿದದ್ದು ಹಸಿರು ಬೋಲ್ಟಿನಿಂದಲೋ ಕೆಂಪು ಬೋಲ್ಟಿನಿಂದಲೋ ಅಂತ ಈ ಕಾಲಿಗೆ ಗೊತ್ತಿಲ್ಲ. ಆದರೆ ಅವಳು ಆಸ್ಪತ್ರೆಗೆ ನನ್ನ ನೋಡೋಕೆ ಬಂದಾಗ ನೀನು ಬಾಗಿಲಲ್ಲಿ ತಡೆದು ವಾಪಸ್ ಕಳಿಸಿದೆ ನೋಡು, ಅದು ನನಗೆ ಗೊತ್ತಿದೆ’ ಅಂದ. ಆಮೇಲೆ ಟೀ ಕೊಟ್ಟ.

ಎರಡನೆಯದು, ಕ್ಲಬ್ಬಿಗೆ ಬರೆದ ಕಾಗದ. ಅದರ ನಕಲು:

‘ಮಾನ್ಯ ಕಾರ್ಯದರ್ಶಿಯವರಿಗೆ. ಆರು ವರ್ಷದ ಹಿಂದಿನ ಅಪಘಾತದ ವರದಿಯನ್ನು ತಿದ್ದಬೇಕಾಗಿ ಕೋರುತ್ತೇನೆ. ಮೂರನೇ ಸಿಲಿಂಡರಿನ ಎರಡನೇ ಬೋಲ್ಟು ನನ್ನ ಪಾಲಿನ ಕೊನೆಯದು. ಅದನ್ನು ಬಿಗಿಯುವ ಮೊದಲೇ ನಾನು ಗೆರೆ ಎಳೆದೆ. ಎಳೆದ ಬಾಟ್ಲಿ ಕೆಂಪಿನದು ಎಂದು ನನಗೆ ತಿಳಿಯಲಿಲ್ಲ, ಏಕೆಂದರೆ ಕೆಂಪಿಗೂ ಹಸಿರಿಗೂ ನನ್ನ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವೈದ್ಯರ ಚೀಟಿಯನ್ನೂ ನನ್ನ ಮಗಳ ಅರ್ಜಿಯನ್ನೂ ಲಗತ್ತಿಸಿದ್ದೇನೆ. ಬೋಲ್ಟಿನ ಗೆರೆಯನ್ನು ನಾನು ನೋಡಿ ಕೆಂಪು ಎಂದದ್ದಲ್ಲ. ಉಳಿದ ಇಬ್ಬರು ಕೆಂಪು ಎಂದರು, ನಾನು ಹೌದೆಂದೆ. ಅಂದು ನಾನು ಕೆಲಸ ಅರ್ಧಕ್ಕೆ ಬಿಟ್ಟು ಎದ್ದದ್ದು ತಮ್ಮ ಕ್ಲಬ್ಬಿನ ಫೋನಿಗೆ. ನನ್ನನ್ನು ಹಿರಿಯ ಪರೀಕ್ಷಕನನ್ನಾಗಿ ಮಾಡಿದ ಸುದ್ದಿಗೆ. ಆ ಹುದ್ದೆಯನ್ನು ಈ ಕ್ಷಣದಿಂದ ಬಿಟ್ಟಿದ್ದೇನೆ. ನನ್ನ ಮಗಳ ಮೇಲಿನ ಷರಾ ತೆಗೆಯುವುದು ಕರುಣೆಯಲ್ಲ, ಬಾಕಿ ಉಳಿದ ನ್ಯಾಯ. ಏಪ್ರಿಲ್ ಹದಿನೈದರೊಳಗೆ ತೆಗೆಯದಿದ್ದರೆ ಓಟದ ದಿನ ಬೆಳಿಗ್ಗೆ ಸ್ಟಾರ್ಟಿಂಗ್ ಗೆರೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನನ್ನನ್ನು ಎತ್ತಿ ಪಕ್ಕಕ್ಕಿಡುವಷ್ಟು ಗಟ್ಟಿಗರು ಕಮಿಟಿಯಲ್ಲಿ ಯಾರೂ ಇಲ್ಲ.’

ಕಾರ್ಯದರ್ಶಿ ಫೋನು ಮಾಡಿ, ‘ಇಷ್ಟೆಲ್ಲ ಬರೀಬೇಕಿತ್ತಾ? ಯಾರಿಗೂ ಹೇಳದೆ ಷರಾ ತೆಗೆದುಬಿಡ್ತಿದ್ದೆವು, ನಿಮ್ಮ ಮಾನವೂ ಉಳೀತಿತ್ತು’ ಅಂದರು. ನನ್ನ ಮಗಳ ಮಾನ ಎಲ್ಲರ ಎದುರು ಕಳೆದಿದ್ದೇನೆ, ಎಲ್ಲರ ಎದುರೇ ವಾಪಸ್ ಕೊಡಬೇಕು ಅಂದೆ. ಬೇಕಾದರೆ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಕೊಡುತ್ತೇವೆ ಅಂದರು. ಟಿಕೆಟ್ ಯಾವ ಬಣ್ಣದ್ದು ಅಂತ ಕೇಳಿದೆ. ಅವರು ನಗಲಿಲ್ಲ.

ಮೂರನೆಯದು, ಗಾಜಿನ ಬೀರು. ಚೀಟಿ ಬದಲಾಯಿಸಿದೆ. ಭಾನುವಾರ, ಎಲ್ಲರೂ ಇದ್ದಾಗ. ಹೊಸ ಚೀಟಿಯಲ್ಲಿ ಹೀಗಿದೆ: ‘ಬಿಗಿಯದ ಬೋಲ್ಟು. ಗೆರೆ ಕೆಂಪು, ಕೈ ನನ್ನದು.’ ಕೆಳಗೆ ನನ್ನ ಸಹಿ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ನಾನೇ ಕೆಲಸ ಕಲಿಸಿದವನು. ತಲೆ ತಗ್ಗಿಸಲಿಲ್ಲ. ತಪ್ಪು ಒಪ್ಪಲು ತಲೆ ತಗ್ಗಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಮಂದ ಅಂತ ಗೊತ್ತಿತ್ತು. ಎಲ್ಲರೂ ಸುಮ್ಮನೆ ಬಣ್ಣದ ಹೆಸರು ಹೇಳಿಕೊಂಡು ಜಂಬ ಮಾಡುತ್ತಾರೆ ಅಂದುಕೊಂಡಿದ್ದೆ. ಒಮ್ಮೆ ವೈರು ತಪ್ಪು ಜೋಡಿಸಿ ಹೊಗೆ ಎಬ್ಬಿಸಿದ ಮೇಲೆ ಆ ಕೆಲಸವನ್ನು ನಿನಗೆ ಕೊಟ್ಟೆ, ಯಾಕೆ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಎರಡು ಸಾಲು ಕೇಳಿದ್ದೆನಲ್ಲ, ಅವು ಇಲ್ಲಿವೆ.

ಬಿಗಿಯಲು ಮರೆತೆ, ತಪ್ಪಾಯಿತು.
ಅದನ್ನು ನಿನ್ನ ತಲೆಗೆ ಕಟ್ಟಿದೆ, ಅದು ಇನ್ನೂ ದೊಡ್ಡ ತಪ್ಪು.

ಅಪ್ಪ


ಏಪ್ರಿಲ್ 20

ಅಪ್ಪ,

ಕ್ಲಬ್ಬಿನಿಂದ ಕಾಗದ ಬಂತು. ಷರಾ ಹೋಗಿದೆ, ಅರ್ಜಿ ಸೇರಿದೆ. ನನ್ನ ಗಾಡಿಗೆ ಮೂವತ್ತೊಂದನೇ ನಂಬರು. ಜೊತೆಗೆ ‘ವಿಷಾದಿಸುತ್ತೇವೆ’ ಅಂತ ಅರ್ಧ ಪುಟ. ಅದನ್ನು ಎಂಜಿನ್ ಸ್ಟ್ಯಾಂಡಿನ ಕೆಳಗೆ ಎಣ್ಣೆ ತೊಟ್ಟಿಕ್ಕುವ ಕಡೆ ಹಾಸಿದ್ದೇನೆ. ಬೋಲ್ಟನ್ನು ಬೀರುವಿನಿಂದ ತೆಗೆಯಬೇಕಾ ಅಂತ ಕೇಳಿದ್ದರು. ಬೇಡ, ಚೀಟಿಯ ಸಮೇತ ಅಲ್ಲೇ ಇರಲಿ ಅಂತ ಬರೆದೆ. ಆ ಚೀಟಿಯ ಫೋಟೋ ಚಿಕ್ಕಪ್ಪ ಕಳಿಸಿದ. ಡಿಪೋದ ಊಟದ ಕೋಣೆಯಲ್ಲಿ ನೋಡಿದೆ. ಅಲ್ಲೇ ಅತ್ತುಬಿಟ್ಟೆ, ಎಲ್ಲರೆದುರೇ. ಏನಾಯಿತು ಅಂತ ಕೇಳಿದ ಫೋರ್‌ಮನ್‌ಗೆ ‘ನಮ್ಮಪ್ಪ ಒಂದು ಚೀಟಿ ಬರೆದಿದ್ದಾರೆ’ ಅಂದೆ. ಅವನಿಗೆ ಏನು ಅರ್ಥವಾಯಿತೋ.

ಆದರೆ ಎಲ್ಲ ಸರಿಹೋಯಿತು ಅಂತ ಬರೆದರೆ ನಾನೂ ಬಿಗಿಯದೆ ಗೆರೆ ಎಳೆದ ಹಾಗಾಗುತ್ತದೆ. ಆರು ವರ್ಷ ಎರಡು ಸಾಲಿಗೆ ಸಮ ಆಗುವುದಿಲ್ಲ. ನೀನು ನನ್ನ ಮಾತು ನಂಬಬಹುದಿತ್ತು. ಗೆರೆಯನ್ನು ನಂಬಿದೆ. ಆ ಸಿಟ್ಟು ಇನ್ನೂ ಇದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಇದ್ದುಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇನೆ.

ನೀನು ಹೇಳಿಕೊಟ್ಟ ಹಾಗೆ ಎಂಜಿನ್ನನ್ನು ಸಾವಿರ ಕಿಲೋಮೀಟರ್ ಓಡಿಸಿ, ಬಿಚ್ಚಿ, ಬೇರಿಂಗ್‌ಗಳನ್ನೆಲ್ಲ ನೋಡಿ, ಹೊಸ ಬೋಲ್ಟು ಹಾಕಿ ಮತ್ತೆ ಕಟ್ಟುತ್ತಿದ್ದೇನೆ. ಈಗ ತಲೆಕೆಳಗಾಗಿ ಸ್ಟ್ಯಾಂಡಿನ ಮೇಲಿದೆ. ರಾಡಿನ ಎಂಟು ಬೋಲ್ಟಿನಲ್ಲಿ ಏಳು ಬಿಗಿದು ಗೆರೆ ಎಳೆದಿದ್ದೇನೆ. ಒಂದನ್ನು ಹಾಗೇ ಬಿಟ್ಟಿದ್ದೇನೆ, ಮರೆಯದಿರಲಿ ಅಂತ ಅದಕ್ಕೊಂದು ಬಟ್ಟೆ ಕಟ್ಟಿದ್ದೇನೆ. ಯಾವುದು ಅಂತ ನಿನಗೆ ಗೊತ್ತು.

ಬಾ. ನಿನ್ನ ರೆಂಚ್ ತಾ. ಇಲ್ಲಿ ನನ್ನ ಶೆಡ್ಡಿನ ಕಾನೂನು ಬೇರೆ ಇದೆ: ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ನೋಡಲೇಬೇಕು, ಅದರಲ್ಲಿ ಅವಮಾನ ಇಲ್ಲ. ನಿನಗೆ ಚೌಕದ ಬಾಟ್ಲಿ ತಂದಿಟ್ಟಿದ್ದೇನೆ, ನನ್ನದು ಗುಂಡಗಿನದು. ಕೈಗೇ ಗೊತ್ತಾಗುತ್ತದೆ. ಅಮ್ಮ ಎಷ್ಟು ಸಲ ಟೀ ತಂದರೂ ತೊಂದರೆ ಇಲ್ಲ.

ಫೋನು ಎತ್ತು. ಬಸ್ಸಿನ ಸಮಯ ಕೇಳಬೇಕು.

ಕಿಡಿ


ಏಪ್ರಿಲ್ 27

ಕಿಡಿ,

ಈ ಹೆಸರಲ್ಲಿ ನಿನ್ನನ್ನು ಕರೆದು ಆರು ವರ್ಷವಾಗಿತ್ತು. ನೀನೇ ಸಹಿ ಹಾಕಿ ಕಳಿಸಿದ ಮೇಲೆ ನಾನೂ ಧೈರ್ಯವಾಗಿ ಬರೆಯುತ್ತಿದ್ದೇನೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮಮ್ಮನೂ ಚಿಕ್ಕಪ್ಪನೂ ಹೊರಟಿದ್ದಾರೆ. ಅವನು ನಿನ್ನ ಗಾಡಿಯಲ್ಲಿ ಒಂದು ಸುತ್ತು ಕೂರಲೇಬೇಕಂತೆ, ಗಿಡ್ಡ ಕಾಲಿಗೆ ಸ್ಪೋರ್ಟ್ಸ್ ಕಾರೇ ಸರಿ ಅನ್ನುತ್ತಾನೆ. ಮೊನ್ನೆ ನೀನು ಫೋನು ಮಾಡಿದಾಗ ನಾನು ಎತ್ತಿ ‘ಹಲೋ’ ಅಂದದ್ದು ಬಿಟ್ಟು ಬೇರೇನೂ ಮಾತಾಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ಬಸ್ಸಿನ ಸಮಯ ನಿಮ್ಮಮ್ಮ ಬರೆದುಕೊಂಡಿದ್ದಾಳೆ.

ರೆಂಚನ್ನು ಅಳತೆಗೆ ಕೊಟ್ಟು ಸರಿ ನೋಡಿಸಿ ತಂದಿದ್ದೇನೆ. ಅದರ ಚೀಟಿಯೂ ಜೊತೆಗಿದೆ, ನೀನು ಕೇಳುತ್ತೀಯ ಅಂತ ಗೊತ್ತು. ಸಿಟ್ಟು ಇದೆ ಅಂತ ಬರೆದಿದ್ದೀಯ. ಇಟ್ಟುಕೋ. ಅದನ್ನು ಬಿಡು ಅನ್ನುವ ಹಕ್ಕು ನನಗಿಲ್ಲ.

ನಿನ್ನ ಹೊಸ ಕಾನೂನು ಒಪ್ಪಿದೆ. ಚೌಕದ ಬಾಟ್ಲಿ ಮಾತ್ರ ಬೇಡ. ಬಣ್ಣ ಕಾಣದೆ ಅರವತ್ಮೂರು ವರ್ಷ ಬದುಕಿದ್ದೇನೆ, ಗಾಡಿ ಕಟ್ಟಿದ್ದೇನೆ, ಕುರುಡಜ್ಜನ ಕೋಲಿನ ಹಾಗೆ ಬಾಟ್ಲಿ ತಡಕುವವನಲ್ಲ ನಾನು. ಬೇರೆ ಮಾಡೋಣ. ಆ ಬೋಲ್ಟನ್ನು ನಾನು ಬಿಗಿಯುತ್ತೇನೆ. ಆಮೇಲೆ ನೀನು ನಿನ್ನ ರೆಂಚ್ ಹಾಕಿ ನೋಡು. ಸರಿ ಇದ್ದರೆ ನಿನ್ನ ಕೆಂಪು ಗೆರೆಯನ್ನೇ ಎಳೆ. ಹೋದ ಸಲ ನನ್ನ ಬೋಲ್ಟಿನ ಮೇಲೆ ನಿನ್ನ ಬಣ್ಣ ಬಿದ್ದದ್ದು ನಿನ್ನನ್ನು ಕೇಳದೆ. ಈ ಸಲ ಎಳೆಯುವುದೂ ಬಿಡುವುದೂ ನಿನಗೆ ಸೇರಿದ್ದು.

‘ಟಕ್’ ಅನ್ನದಿದ್ದರೆ ಎಳೆಯಬೇಡ. ಅಪ್ಪ ಅಂತ ನೋಡಬೇಡ.

ನಿನ್ನ ಅಪ್ಪ